ಮೊದಲು ಜಾಗ, ಆಮೇಲೆ ಕವರು: ಹಳೆಯ ಕಾಮಿಕ್ಸ್ ಉಳಿಸಿಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಹಳೆಯ ಚಿತ್ರಕಥೆ ಪುಸ್ತಕಗಳನ್ನು ಕಾಪಾಡುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳವು. ಈ ವಿಷಯದಲ್ಲಿ ಸಿಗುವ ಸಲಹೆ ಬಹುಪಾಲು ಚಳಿ ದೇಶಗಳದ್ದು, ಇಲ್ಲವೇ ಸದಾ ತೇವವಿರುವ ಕರಾವಳಿಯದ್ದು. ಬಿಸಿಲು, ಧೂಳು, ಬೇಸಿಗೆಯ ಕೂಲರು ಮೂರೂ ಸೇರಿದ ನಮ್ಮ ಕಡೆಯ ಮನೆಗೆ ಅದು ಹಾಗೇ ಒಗ್ಗುವುದಿಲ್ಲ. ಆದ್ದರಿಂದ ಇಲ್ಲಿನ ಮನೆಗಳನ್ನೇ ಕಣ್ಣ ಮುಂದಿಟ್ಟುಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ 350ರಷ್ಟು ಪುಸ್ತಕಗಳಿವೆ. ಇಂದ್ರಜಾಲ, ಅಮರ ಚಿತ್ರಕಥೆ, ಜೊತೆಗೆ ಕನ್ನಡ ಮತ್ತು ತೆಲುಗು ಚಂದಮಾಮ. ಕಬ್ಬಿಣದ ಟ್ರಂಕಿಗೆ ತುಂಬಿ ಸಜ್ಜಾದ ಮೇಲೆ ಇಟ್ಟಿದ್ದೆ. ಈಗ ತೆಗೆದರೆ ಪುಟಗಳ ಅಂಚು ಹಪ್ಪಳದ ಹಾಗೆ ಮುರಿಯುತ್ತಿದೆ. ನೀರು ತಾಗಿಲ್ಲ, ಹುಳ ಹಿಡಿದಿಲ್ಲ. ಒಳ್ಳೆಯ ಕವರು ತರಿಸಿ ಹಾಕಿದರೆ ಇದು ನಿಲ್ಲುತ್ತದೆಯೇ? (ರಾಯಚೂರು)

ಉತ್ತರ: ಕವರಿನಿಂದ ನಿಲ್ಲುವುದಿಲ್ಲ. ನಿಮ್ಮ ಪುಸ್ತಕಗಳು ಕೆಟ್ಟಿರುವುದು ಸಜ್ಜಾದ ಕಾವಿಗೆ.

ಚಂದಮಾಮ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಯಿತು. ಇಂದ್ರಜಾಲ ಬಂದದ್ದು 1964ರಿಂದ 1990ರವರೆಗೆ. ಅಮರ ಚಿತ್ರಕಥೆ ಮಾಲೆ 1967ರದ್ದು. ಆ ಕಾಲದಲ್ಲಿ ಮಕ್ಕಳ ಕೈಗೆಟುಕುವ ಬೆಲೆಗೆ ಪುಸ್ತಕ ಕೊಡಬೇಕೆಂದರೆ ನ್ಯೂಸ್‌ಪ್ರಿಂಟ್ ಜಾತಿಯ ಕಾಗದವೇ ಗತಿಯಾಗಿತ್ತು. ಮರವನ್ನು ಅರೆದು ಮಾಡಿದ ಆ ತಿರುಳಿನಲ್ಲಿ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಗಾಳಿ, ಬೆಳಕು ತಾಗಿ ಅದು ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ. ಸ್ವಲ್ಪ ಮೇಲ್ಮಟ್ಟದ ಕಾಗದಕ್ಕೆ ಶಾಯಿ ಹರಡದಿರಲೆಂದು ರಾಳದ ಜೊತೆ ಅಲ್ಯೂಮಿನಿಯಂ ಸಲ್ಫೇಟ್ ಹಾಕುತ್ತಿದ್ದರು, ಅದೂ ಆಮ್ಲವೇ. ಈ ಆಮ್ಲ ಕಾಗದದ ನಾರನ್ನು ಒಳಗಿನಿಂದಲೇ ಕತ್ತರಿಸುತ್ತ ಹೋಗುತ್ತದೆ. ಶಾಖ 5 ಡಿಗ್ರಿ ಏರಿದರೆ ಈ ಕೆಲಸದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬುದು ಕಾಗದ ಸಂರಕ್ಷಣೆಯವರು ಬಳಸುವ ಲೆಕ್ಕ. ಅಂದರೆ 25 ಡಿಗ್ರಿಯಲ್ಲಿರುವ ಪುಸ್ತಕಕ್ಕಿಂತ 40 ಡಿಗ್ರಿಯಲ್ಲಿರುವುದು ಎಂಟು ಪಟ್ಟು ಬೇಗ ಮುದಿಯಾಗುತ್ತದೆ. ಏಪ್ರಿಲ್, ಮೇನಲ್ಲಿ ರಾತ್ರಿ 9 ಗಂಟೆಗೆ ಸಜ್ಜಾದ ಮೇಲಿನ ಸ್ಲ್ಯಾಬಿಗೆ ಅಂಗೈ ಇಟ್ಟು ನೋಡಿ. ಹೊರಗೆ ಗಾಳಿ ತಣ್ಣಗಾಗಿದ್ದರೂ ಸ್ಲ್ಯಾಬು ಇನ್ನೂ ಬಿಸಿ ಇರುತ್ತದೆ. ನಿಮ್ಮ ಟ್ರಂಕು ಎಷ್ಟೋ ಬೇಸಿಗೆ ಆ ಕಾವಿನ ಕೆಳಗೇ ಕುಳಿತಿದೆ.

ಆದ್ದರಿಂದ ಕವರಿಗೆ ದುಡ್ಡು ಹಾಕುವ ಮೊದಲು ಜಾಗ ಹುಡುಕಿ. ಮನೆಯ ಒಳಭಾಗದ ಕೋಣೆ, ಎರಡಂತಸ್ತಿದ್ದರೆ ಕೆಳಗಿನದು, ಪಡುವಣ ಮತ್ತು ತೆಂಕಣ ಬಿಸಿಲು ಬೀಳುವ ಗೋಡೆ ಇಲ್ಲದ್ದು. ಹಳೆಯ ಕಲ್ಲಿನ ಮನೆಯಾದರೆ ನಡುಮನೆ ಬಹಳ ಒಳ್ಳೆಯ ಜಾಗ. ಆದರೆ ಹೊರಗೋಡೆಯಲ್ಲಿ ಕೊರೆದ ಗೂಡು ಬೇಡ. ನೆಲದಿಂದ ಒಂದಡಿಗಿಂತ ಮೇಲೆ, ನಾಲ್ಕಡಿಗಿಂತ ಕೆಳಗೆ, ಗೋಡೆಯಿಂದ 5-6 ಸೆಂ.ಮೀ. ಬಿಟ್ಟು ಇಡಿ. ಶಾಖ ಮತ್ತು ತೇವ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಿಮಗೆ ಸರಿ ಅನ್ನಿಸಿದ ಎರಡು ಮೂರು ಜಾಗಗಳಲ್ಲಿ ಒಂದೊಂದು ವಾರ ಅದನ್ನಿಟ್ಟು, ಮಧ್ಯಾಹ್ನ 3 ಮತ್ತು ರಾತ್ರಿ 9ಕ್ಕೆ ಅಂಕಿ ಬರೆದಿಡಿ. ಎರಡು ಹೊತ್ತಿನ ಅಂಕಿಗಳ ನಡುವೆ ಅಂತರ ಕಡಿಮೆ ಇರುವ ಜಾಗವೇ ನಿಮ್ಮದು. ದೊಡ್ಡ ಗ್ರಂಥ ಭಂಡಾರಗಳು 18ರಿಂದ 21 ಡಿಗ್ರಿ ಶಾಖ, ಶೇ 35ರಿಂದ 50 ತೇವಾಂಶ ಇಟ್ಟುಕೊಳ್ಳಲು ನೋಡುತ್ತವೆ. ಮನೆಯಲ್ಲಿ ಅದು ಸಾಧ್ಯವಿಲ್ಲ. ಏರಿಳಿತ ಕಡಿಮೆಯಾದರೆ ಅರ್ಧ ಗೆದ್ದಂತೆ.

ಇಲ್ಲಿ ಎಲ್ಲರೂ ಮರೆಯುವುದು ಕೂಲರನ್ನು. ಅದು ನೀರನ್ನು ಗಾಳಿಗೆ ಸೇರಿಸಿಯೇ ತಂಪು ಮಾಡುವುದು. ಕೂಲರು ಓಡುವ ಮುಚ್ಚಿದ ಕೋಣೆಯಲ್ಲಿ ತೇವಾಂಶ ಶೇ 70 ದಾಟಬಹುದು, ನಿಲ್ಲಿಸಿದ ಮೇಲೆ ಮರುದಿನದ ಒಣಗಾಳಿಗೆ ಶೇ 25ಕ್ಕೆ ಇಳಿಯಬಹುದು. ಕಾಗದ ದಿನಾ ಹಿಗ್ಗಿ ಕುಗ್ಗಿದರೆ ಮಡಿಕೆಯಲ್ಲೇ ಸೀಳುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಕೂಲರಿನ ಕೋಣೆಗಿಂತ ಬೆಚ್ಚಗಿರುವ ಪಕ್ಕದ ಕೋಣೆಯೇ ಪುಸ್ತಕಕ್ಕೆ ಮೇಲು.

ಈಗಾಗಲೇ ಹಪ್ಪಳವಾದ ಪುಟಗಳಿಗೆ ಹೋದ ಶಕ್ತಿ ಮರಳಿ ಬರುವುದಿಲ್ಲ. ಅವನ್ನು ಬೇಸಿಗೆಯ ಮಧ್ಯಾಹ್ನ ಮುಟ್ಟಲೇಬೇಡಿ, ಒಣಗಾಳಿಯಲ್ಲಿ ಕಾಗದ ಇನ್ನಷ್ಟು ಬಿರುಸಾಗಿರುತ್ತದೆ. ಮೀಟರು ಶೇ 50ರ ಆಸುಪಾಸು ತೋರಿಸುವ ದಿನ, ಬೆಳಗಿನ ಹೊತ್ತು ತೆಗೆದು ಕವರಿಗೆ ಹಾಕಿ.

ಪ್ರಶ್ನೆ: ಬಟ್ಟೆ ಪ್ಯಾಕ್ ಮಾಡುವ ಪಾರದರ್ಶಕ ಕವರು ನಮ್ಮೂರಲ್ಲಿ ಅಗ್ಗಕ್ಕೆ ಸಿಗುತ್ತದೆ. ಕಾಮಿಕ್ಸಿಗೆ ಬಳಸಬಹುದೇ? ಹಿಂದೆ ಒಂದು ದಪ್ಪ ಪ್ಲಾಸ್ಟಿಕ್ ಕವರು ಹಾಕಿದ್ದಾಗ ಮುಖಪುಟದ ಬಣ್ಣವೇ ಕಿತ್ತು ಬಂತು. (ಬಳ್ಳಾರಿ)

ಉತ್ತರ: ಬಣ್ಣ ಕಿತ್ತ ಆ ಕವರು ಪಿವಿಸಿ ಇರಬೇಕು. ಮೆತ್ತಗಾಗಲೆಂದು ಅದಕ್ಕೆ ಬೆರೆಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಗೆ ಜಿನುಗಿ ಶಾಯಿಯನ್ನು ಕರಗಿಸಿ ಹಿಡಿಯುತ್ತದೆ. ಬಿಸಿಲಿನ ಊರಲ್ಲಿ ಇದು ಇನ್ನೂ ಬೇಗ. ಪಿವಿಸಿ ಸಾವಕಾಶ ಆಮ್ಲವನ್ನೂ ಬಿಡುತ್ತದೆ.

ಜೀನ್ಸ್ ಹೊಲಿಯುವ ಊರಲ್ಲಿರುವುದು ನಿಮಗೆ ಅನುಕೂಲವೇ. ಪ್ಯಾಂಟು, ಶರ್ಟು ತುಂಬುವ ಕವರುಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್, ಅಂಗಡಿಯವರು ಪಿಪಿ ಅಥವಾ ಬಿಒಪಿಪಿ ಅನ್ನುವುದು ಅದನ್ನೇ. ಅದು ಕಾಗದಕ್ಕೆ ತೊಂದರೆ ಮಾಡುವುದಿಲ್ಲ. ಪರೀಕ್ಷೆ ಹೀಗೆ: ಕವರಿನ ಚೂರನ್ನು ಲೋಟದ ನೀರಿನಲ್ಲಿ ಬೆರಳಿಂದ ಅದ್ದಿ, ಗುಳ್ಳೆ ಹೋಗುವಂತೆ ಅಲುಗಿಸಿ ಬಿಡಿ. ಪಿಪಿ, ಪಾಲಿಥೀನ್ ಎರಡೂ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪಿವಿಸಿ ಮುಳುಗುತ್ತದೆ. ಹೊಸ ರೇನ್‌ಕೋಟಿನಂಥ ವಾಸನೆ, ಎಳೆದರೆ ರಬ್ಬರಿನಂತೆ ಹಿಗ್ಗುವುದು ಪಿವಿಸಿಯ ಗುಣ. ಪಿಪಿ ಹಿಸುಕಿದರೆ ಚರಚರ ಅನ್ನುತ್ತದೆ. ಪಾಲಿಯೆಸ್ಟರ್, ಅಂದರೆ ಮೈಲಾರ್ ಹಾಳೆಯೂ ನೀರಿನಲ್ಲಿ ಮುಳುಗುತ್ತದೆ, ಆದರೆ ಅದು ಗಾಜಿನಂತೆ ಸ್ವಚ್ಛ, ಬಿರುಸು, ವಾಸನೆ ಇಲ್ಲ. ಎಲ್ಲಕ್ಕಿಂತ ಉತ್ತಮವಾದದ್ದು ಅದೇ, ಬೆಲೆಯೂ ಹೆಚ್ಚು. ಅಪರೂಪದ ಹತ್ತಿಪ್ಪತ್ತು ಪುಸ್ತಕಗಳಿಗೆ 50 ಅಥವಾ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಮೈಲಾರ್, ಉಳಿದವಕ್ಕೆ 40-50 ಮೈಕ್ರಾನ್ ಪಿಪಿ ಸಾಕು. ಅದಕ್ಕಿಂತ ತೆಳುವಾದದ್ದು ಪುಸ್ತಕದ ಜೊತೆ ತಾನೂ ಬಾಗುತ್ತದೆ.

ಅಳತೆ ಪುಸ್ತಕದ ಅಗಲಕ್ಕಿಂತ ಒಂದು ಸೆಂ.ಮೀ. ಹೆಚ್ಚು, ಎತ್ತರಕ್ಕಿಂತ 5 ಸೆಂ.ಮೀ. ಹೆಚ್ಚು ಇರಲಿ. ಬಿಗಿಯಾದ ಕವರಿಗೆ ತುರುಕುವಾಗಲೇ ಮೂಲೆ ಮಡಚಿಕೊಳ್ಳುವುದು. ಬಾಯಿಗೆ ಗೋಂದುಪಟ್ಟಿ ಇರುವ ಕವರು ಬಂದರೆ ಆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಎಸೆಯಿರಿ. ಪುಸ್ತಕ ಹೊರತೆಗೆಯುವಾಗ ಮುಖಪುಟ ಅದಕ್ಕೊಮ್ಮೆ ತಾಗಿದರೆ ಮುಗಿಯಿತು. ಬಾಯಿಯನ್ನು ಹಿಂದಕ್ಕೆ ಮಡಚಿಟ್ಟರೆ ಸಾಕು, ಗಾಳಿಯಾಡದಂತೆ ಸೀಲ್ ಮಾಡಬೇಡಿ. ಕಾಗದ ತಾನೇ ಬಿಡುವ ಆಮ್ಲದ ಆವಿ ಒಳಗೇ ಉಳಿಯುತ್ತದೆ. ಪಿಪಿ ಕವರನ್ನು ಐದಾರು ವರ್ಷಕ್ಕೊಮ್ಮೆ ಬದಲಾಯಿಸಿ.

ಹಿಂದೆ ಆಧಾರಕ್ಕೆ ಇಡುವ ರಟ್ಟಿನ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಮಿಠಾಯಿ ಡಬ್ಬಿಯ, ಶರ್ಟಿನ ಒಳಗಿನ ಬೂದು ರಟ್ಟು ರದ್ದಿ ಕಾಗದದಿಂದ ಮಾಡಿದ್ದು, ಅದರ ಆಮ್ಲ ಹಿಂಬದಿಯ ಪುಟಕ್ಕೆ ಕಂದು ನೆರಳಾಗಿ ಇಳಿಯುತ್ತದೆ. ಚಿತ್ರಕ್ಕೆ ಕಟ್ಟು ಹಾಕುವವರಲ್ಲಿ ಹತ್ತಿ ತಿರುಳಿನ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ. ಆಮ್ಲ ಪರೀಕ್ಷಿಸುವ ಪಿಎಚ್ ಪೆನ್ನಿನಿಂದ ಮೂಲೆಯಲ್ಲಿ ಗೆರೆ ಎಳೆದರೆ ನೇರಳೆ ಬಣ್ಣ ಬರಬೇಕು, ಹಳದಿಯಾಗಿ ಉಳಿದರೆ ಆಮ್ಲವಿದೆ ಎಂದರ್ಥ. ಸಿಗದಿದ್ದರೆ ರಟ್ಟಿಲ್ಲದೆಯೇ ಇಡಿ. ಕೆಟ್ಟ ರಟ್ಟಿಗಿಂತ ಬರಿ ಕವರು ಎಷ್ಟೋ ವಾಸಿ. ಈಗಿನ ಝೆರಾಕ್ಸ್ ಹಾಳೆಗಳಲ್ಲಿ ಹೆಚ್ಚಿನವಕ್ಕೆ ಆಮ್ಲ ತಗ್ಗಿಸುವ ಸುಣ್ಣದ ಅಂಶ ಬೆರೆತಿರುತ್ತದೆ. ಅದೇ ಪೆನ್ನಿನಿಂದ ನೋಡಿ, ಮುಂದಿನ ಮತ್ತು ಹಿಂದಿನ ರಕ್ಷಾಪುಟದ ಒಳಗೆ ಒಂದೊಂದು ಹಾಳೆ ಇಡಬಹುದು. ಪ್ರತಿ ಪುಟಕ್ಕೂ ಇಟ್ಟರೆ ಬೆನ್ನು ಉಬ್ಬಿ ಪಿನ್ನು ಹರಿಯುತ್ತದೆ.

ತ್ರಿಕೋನದ ನಡುವೆ 5 ಎಂಬ ಗುರುತಿರುವ ಪಿಪಿ ಡಬ್ಬಿಯಲ್ಲಿ ಪುಸ್ತಕಗಳನ್ನು ನಿಲ್ಲಿಸಿಡಿ. ನಡುವೆ ಅಂಗೈ ಇಳಿಯುವಷ್ಟು ಸಡಿಲವಿರಲಿ, ವಾಲುವಷ್ಟು ಬೇಡ. ಮಲಗಿಸುವುದಾದರೆ ಗುಡ್ಡೆ 20 ಸೆಂ.ಮೀ. ಎತ್ತರ ದಾಟದಿರಲಿ. ಬೆನ್ನಿನ ಕಡೆ ದಪ್ಪವಿರುವುದರಿಂದ ಪ್ರತಿ ಹತ್ತು ಪುಸ್ತಕಕ್ಕೆ ದಿಕ್ಕು ಬದಲಿಸದಿದ್ದರೆ ಇಡೀ ಗುಡ್ಡೆ ಒಂದು ಮಗ್ಗುಲಿಗೆ ಜಾರಿ ಪುಸ್ತಕ ಸೊಟ್ಟಗಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಅದಿರು ಲಾರಿಗಳ ರಸ್ತೆಗೆ ಹತ್ತಿರ. ಅಲ್ಮಾರಿ ಮುಚ್ಚಿದ್ದರೂ ಪುಸ್ತಕದ ಮೇಲಂಚಿಗೆ ಕೆಂಪು ಧೂಳು ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಕಲೆ ಇನ್ನೂ ಜಾಸ್ತಿಯಾಯಿತು. (ಸಂಡೂರು)

ಉತ್ತರ: ಒದ್ದೆ ಬಟ್ಟೆ ಇನ್ನು ಮುಟ್ಟಿಸಬೇಡಿ. ಕಬ್ಬಿಣದ ಅದಿರಿನ ಕಣ ಬಲು ಸಣ್ಣದು, ತಾನೇ ಒಂದು ಬಣ್ಣ. ನೀರು ತಾಗಿದರೆ ಕಾಗದದ ನಾರು ಉಬ್ಬಿ ಬಾಯಿ ಬಿಡುತ್ತದೆ, ಒರೆಸಿದಾಗ ಕಣ ಅದರೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಯಾರಿಂದಲೂ ತೆಗೆಯಲಾಗದು.

ಪುಸ್ತಕ ಬಿಗಿಯಾಗಿ ಮುಚ್ಚಿ ಹಿಡಿದು, ಎರಡಿಂಚಿನ ಮೆತ್ತನೆಯ ಕುಂಚದಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಒಂದೇ ದಿಕ್ಕಿಗೆ ಗುಡಿಸಿ. ಸಡಿಲ ಹಿಡಿದರೆ ಧೂಳು ಪುಟಗಳ ನಡುವೆ ಬೀಳುತ್ತದೆ. ಕುಂಚವನ್ನು ಆಗಾಗ ಬಿಳಿ ಬಟ್ಟೆಗೆ ಕೊಡವಿ, ಬಟ್ಟೆ ಕೆಂಪಾಗುವುದು ನಿಂತಾಗ ಕೆಲಸ ಮುಗಿಯಿತು. ಮೂಗಿಗೆ ಎನ್95 ಮಾಸ್ಕ್ ಇರಲಿ. ಮುಖಪುಟಕ್ಕೆ ಅಂಟಿದ ಮಸಿಗೆ ಮೆತ್ತನೆಯ ಬಿಳಿ ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿ ಉದುರಿಸಿ ಬೆರಳ ತುದಿಯಿಂದ ಹಗುರಾಗಿ ಸುತ್ತಿಸಿ, ಕುಂಚದಿಂದ ಗುಡಿಸಿ ತೆಗೆಯಿರಿ. ನ್ಯೂಸ್‌ಪ್ರಿಂಟ್ ಒಳಪುಟಕ್ಕೆ ಇದು ಬೇಡ, ಮೇಲ್ಮೈ ಎದ್ದು ಬರುತ್ತದೆ. ಅಲ್ಮಾರಿಯ ಬಾಗಿಲ ಸಂದಿಗೆ ಕಿಟಕಿಗೆ ಹಾಕುವ ಫೋಮ್ ಪಟ್ಟಿ ಅಂಟಿಸಿ, ಒಳಗಿನ ಡಬ್ಬಿಗಳ ಮೇಲೆ ತೊಳೆದ ಹತ್ತಿ ಪಂಚೆ ಹೊದಿಸಿ. ತಿಂಗಳಿಗೊಮ್ಮೆ ಪಂಚೆ ಒಗೆದರೆ ಪುಸ್ತಕ ಗುಡಿಸುವ ಕೆಲಸವೇ ತಪ್ಪುತ್ತದೆ. ಶಕ್ತಿನಗರ, ಕುಡತಿನಿ ಕಡೆ ವಿದ್ಯುತ್ ಸ್ಥಾವರಗಳ ಹಾರುಬೂದಿ ಕೂರುವ ಮನೆಗಳಿಗೂ ಇದೇ ಕ್ರಮ.

ಪ್ರಶ್ನೆ: ಕಾಲುವೆ ನೀರಿನ ಊರು ನಮ್ಮದು, ಸುತ್ತ ಗದ್ದೆ. ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದರೂ ಮಳೆಗಾಲದಲ್ಲಿ ಬೂಷ್ಟು ಬಂತು. ಬೆಳ್ಳಿಹುಳವೂ ಇದೆ. ಡಾಂಬರು ಗುಳಿಗೆ ಹಾಕಬೇಕೋ, ಬೇವಿನ ಎಲೆಯೋ? (ಗಂಗಾವತಿ)

ಉತ್ತರ: ಮೊದಲು ಲೆಕ್ಕ ನೋಡಿ. ಸಾಮಾನ್ಯ ಹವೆಯಲ್ಲಿ ಕಾಗದದ ತೂಕದ ಶೇ 5-6ರಷ್ಟು ನೀರೇ ಇರುತ್ತದೆ. 10 ಕಿಲೊ ಪುಸ್ತಕವೆಂದರೆ ಅರ್ಧ ಲೀಟರಿಗೂ ಹೆಚ್ಚು ನೀರು. ಸಿಲಿಕಾ ಜೆಲ್ ಹಿಡಿಯುವುದು ತನ್ನ ತೂಕದ ಮೂರನೇ ಒಂದು ಪಾಲು, ಅದೂ ಗಾಳಿ ಬಹಳ ತೇವವಿದ್ದಾಗ. ಚಪ್ಪಲಿ ಡಬ್ಬಿಯಲ್ಲಿ ಬರುವ 5 ಗ್ರಾಂ ಪೊಟ್ಟಣ ಒಂದೂವರೆ ಗ್ರಾಂ ನೀರು ಹೀರಿ ಸುಮ್ಮನಾಗುತ್ತದೆ. ಹಾಕುವುದಾದರೆ 10 ಕಿಲೊ ಪುಸ್ತಕದ ಡಬ್ಬಿಗೆ ಕಾಲು ಕಿಲೊ ಆದರೂ ಬೇಕು, ಬಟ್ಟೆ ಚೀಲದಲ್ಲಿ, ಪುಸ್ತಕಕ್ಕೆ ತಾಗದಂತೆ. ನೀಲಿ ಹರಳು ಗುಲಾಬಿಯಾದಾಗ 110-120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಿರಲಿ.

ಇದಕ್ಕಿಂತ ಸುಲಭದ ದಾರಿ ಡಬ್ಬಿ ತುಂಬುವ ಹೊತ್ತನ್ನು ಆರಿಸುವುದು. ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಕಡುಬೇಸಿಗೆ ಇನ್ನೂ ಬಂದಿರುವುದಿಲ್ಲ. ಆಗ ಪುಸ್ತಕಗಳನ್ನು ನೆರಳಲ್ಲಿ ಎರಡು ದಿನ ಬಿಡಿಬಿಡಿಯಾಗಿ ನಿಲ್ಲಿಸಿ, ಮೀಟರು ಶೇ 40-45 ತೋರಿಸುವಾಗ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಒಣಗಿದ ಕಾಗದವೇ ಡಬ್ಬಿಯೊಳಗಿನ ಗಾಳಿಯನ್ನು ಹದದಲ್ಲಿಡುತ್ತದೆ. ಮಳೆಗಾಲದಲ್ಲಿ ತೇವ ಹೀರಿಕೊಂಡ ಪುಸ್ತಕವನ್ನು ಬಿಗಿಯಾಗಿ ಮುಚ್ಚಿದರೆ ಬೂಷ್ಟಿಗೆ ನೀವೇ ಮನೆ ಕಟ್ಟಿಕೊಟ್ಟಂತೆ. ತೇವಾಂಶ ಶೇ 65-70 ದಾಟಿದರೆ ಅದು ಬೆಳೆಯುತ್ತದೆ. ಬಂದ ಬೂಷ್ಟನ್ನು ಹಸಿಯಿರುವಾಗ ಮುಟ್ಟಬೇಡಿ. ಪೂರ್ತಿ ಒಣಗಿಸಿ, ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಕುಂಚದಿಂದ ತೆಗೆಯಿರಿ.

ಬೆಳ್ಳಿಹುಳಕ್ಕೆ ಬೇಕಾದದ್ದು ತೇವ, ಅಂಟಿನ ಪಿಷ್ಟ, ಕತ್ತಲೆ. ತೇವ ಹೋದರೆ ಅದೂ ಹೋಗುತ್ತದೆ. ಡಾಂಬರು ಗುಳಿಗೆ ಬೇಡವೇ ಬೇಡ. ನ್ಯಾಫ್ತಲೀನ್ ಆವಿ ಮುಚ್ಚಿದ ಕೋಣೆಯಲ್ಲಿ ಮನುಷ್ಯರಿಗೂ ಒಳ್ಳೆಯದಲ್ಲ, ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳ ರಕ್ತಕ್ಕಂತೂ ಅಪಾಯ. ಕೆಲವು ಪ್ಲಾಸ್ಟಿಕ್ಕುಗಳನ್ನೂ ಮೆದು ಮಾಡುತ್ತದೆ. ಬೇವಿನ ಎಲೆ ಹಸಿಯಿದ್ದರೆ ತನ್ನ ತೇವ ಬಿಟ್ಟು ಕಲೆ ಮಾಡುತ್ತದೆ. ಗರಿಗರಿ ಒಣಗಿದ್ದನ್ನು ಬಟ್ಟೆ ಗಂಟು ಕಟ್ಟಿ ಡಬ್ಬಿಯ ಹೊರಗೆ ಇಡಬಹುದು, ಅದನ್ನೇ ನಂಬಿ ಕೂರಬೇಡಿ. ತಾಳೆಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಹಚ್ಚುವುದು ದೊಡ್ಡ ತಪ್ಪು.

ಪುಟದಲ್ಲಿ ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕೊರೆಯುವ ದುಂಬಿಯ ಮರಿ. ಆ ಪುಸ್ತಕಗಳನ್ನು ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ಟೇಪಿನಿಂದ ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ತಾಸು ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರಹನಿ ಕೂರುತ್ತದೆ. ನಡುವೆ ಕರೆಂಟು ಹೋಗಿ ಫ್ರೀಜರು ಕರಗಿದ್ದರೆ ದಿನಗಳನ್ನು ಮೊದಲಿನಿಂದ ಎಣಿಸಿ.

ಪ್ರಶ್ನೆ: ಪಿನ್ನುಗಳು ತುಕ್ಕು ಹಿಡಿದು ನಡುಪುಟ ಕಳಚುತ್ತಿದೆ. ಬೈಂಡ್ ಮಾಡಿಸಲೇ? ಹರಿದಲ್ಲಿ ಸೆಲ್ಲೋಟೇಪು ಹಚ್ಚಿದ್ದು ಹಳದಿಯಾಗಿದೆ. (ಕೊಪ್ಪಳ)

ಉತ್ತರ: ಬೈಂಡ್ ಬೇಡ. ಮೂರು ಬದಿ ಕತ್ತರಿಸುವಾಗ ಚಿತ್ರದ ಅಂಚು ಹೋಗುತ್ತದೆ, ಅಡ್ಡ ಹೊಲಿಗೆ ಹಾಕಿದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಬಿರುಸಾದ ಪುಟ ಹೊಲಿಗೆಯ ಸಾಲಿನಲ್ಲೇ ಮುರಿಯುತ್ತದೆ. ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯೂ ಇದೆ. ಅದರಲ್ಲಿರುವ ತಾಮ್ರ ಕಾಗದವನ್ನು ಬೇಗ ಕಂದಿಸುತ್ತದೆ. ಹಿಂದೆಯೇ ಬೈಂಡ್ ಆಗಿ ಚೆನ್ನಾಗಿ ತೆರೆಯುವ ಸಂಪುಟಗಳಿದ್ದರೆ ಬಿಚ್ಚಲು ಹೋಗಬೇಡಿ.

ಪಿನ್ನು ತೆಗೆಯುವುದನ್ನು ಮನೆಯಲ್ಲೇ ಮಾಡಬಹುದು. ನಡುಪುಟ ತೆರೆದಿಟ್ಟು, ಪಿನ್ನಿನ ಮಡಚಿದ ಕಾಲಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ. ಅದರ ಮೇಲೆ ಮೊಂಡು ಚಾಕುವಿನ ತುದಿ ಊರಿ ಕಾಲನ್ನು ನೆಟ್ಟಗೆ ಎತ್ತಿ. ನಾಲ್ಕು ಕಾಲೂ ನೆಟ್ಟಗಾದ ಮೇಲೆ ಪುಸ್ತಕ ತಿರುವಿ, ಹೊರಗಿನಿಂದ ಪಿನ್ನಿನ ಎರಡೂ ಬದಿಯನ್ನು ಸಮವಾಗಿ ಎಬ್ಬಿಸಿ. ತುಕ್ಕು ಕಾಗದಕ್ಕೆ ಹತ್ತಿದ್ದರೆ ಎಳೆಯಬೇಡಿ, ಕಾಲನ್ನು ಉಗುರು ಕತ್ತರಿಯಿಂದ ತುಂಡರಿಸಿ ಬಿಡಿಬಿಡಿಯಾಗಿ ತೆಗೆಯಿರಿ. ತುಕ್ಕಿನ ಪುಡಿ ಗುಡಿಸಿ. ಆಮೇಲೆ ಹತ್ತಿ ದಾರ: ಒಳಗಿನಿಂದ ಮೇಲಿನ ತೂತಿಗೆ ಸೂಜಿ ಹಾಕಿ ಹೊರಗೆ ತನ್ನಿ, ಒಳಗೆ 5 ಸೆಂ.ಮೀ. ದಾರ ಉಳಿಯಲಿ. ಬೆನ್ನಿನ ಮೇಲೆ ಕೆಳಗೆ ಸಾಗಿ ಕೆಳಗಿನ ತೂತಿನಿಂದ ಒಳಬಂದು ನಡುವೆ ಗಂಟು ಹಾಕಿ. ಪಿನ್ನಿನ ಹಳೆಯ ತೂತುಗಳೇ ಸಾಕು, ಹೊಸದು ಚುಚ್ಚಬಾರದು. ದಾರವನ್ನು ಪುಟ ಕೊಯ್ಯುವಷ್ಟು ಬಿಗಿಯಬೇಡಿ.

ಸೆಲ್ಲೋಟೇಪಿನ ಹಾಳೆ ತಾನೇ ಏಳುತ್ತಿದ್ದರೆ ಹೇರ್ ಡ್ರೈಯರ್‌ನ ಸಣ್ಣ ಕಾವು ಕೊಟ್ಟು ಮೆಲ್ಲಗೆ ಬಿಡಿಸಿ. ಏಳದಿದ್ದರೆ ಹಾಗೇ ಬಿಡಿ. ಹಳದಿ ಕಲೆಗೆ ಪೆಟ್ರೋಲು, ಥಿನ್ನರು ಹಚ್ಚಿದವರು ಶಾಯಿಯನ್ನೂ ಕಳೆದುಕೊಂಡಿದ್ದಾರೆ. ಹರಿದಲ್ಲಿ ಜಪಾನಿ ಟಿಶ್ಯೂ ಎಂಬ ತೆಳ್ಳನೆಯ, ಗಟ್ಟಿ ನಾರಿನ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಬಳಸಿ. ಮೈದಾದಲ್ಲಿ ಪಿಷ್ಟದ ಜೊತೆ ಇತರ ಅಂಶಗಳೂ ಇರುವುದರಿಂದ ಅದು ಆಗದು. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಬಿಡದೆ ಕಲಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ. ಟಿಶ್ಯೂವನ್ನು ಕತ್ತರಿಸದೆ ಒಂದು ಸೆಂ.ಮೀ. ಅಗಲಕ್ಕೆ ಕೈಯಿಂದ ಹರಿಯಿರಿ, ಅಂಚಿನ ನಾರು ಎದ್ದಿದ್ದರೇ ಪುಟಕ್ಕೆ ಬೆರೆಯುವುದು. ಅಂಟು ತೆಳ್ಳಗೆ ಹಚ್ಚಿ, ಮೇಲೆ ಕೆಳಗೆ ಬೇಕಿಂಗ್ ಪೇಪರ್ ಇಟ್ಟು, ಭಾರ ಹೇರಿ ಒಂದು ರಾತ್ರಿ ಬಿಡಿ. ಮೊದಲು ಬೇಡವಾದ ಹಳೆಯ ಪತ್ರಿಕೆಯ ಮೇಲೆ ನಾಲ್ಕು ಸಲ ಮಾಡಿ ಕೈ ಪಳಗಿಸಿಕೊಳ್ಳಿ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಮಾಡಿಸಬೇಡಿ, ಬಿಸಿ ಅಂಟು ಕಾಗದದೊಳಗೆ ಸೇರಿದರೆ ಹೊರಬರುವುದಿಲ್ಲ.

ಪ್ರಶ್ನೆ: ಮೊದಲ ಮಳೆಗೇ ಮಾಳಿಗೆ ಸೋರಿ ನಲವತ್ತು ಪುಸ್ತಕ ನೆನೆದವು. ಬಿಸಿಲಿಗೆ ಹಾಕಲೇ? (ಸಿಂಧನೂರು)

ಉತ್ತರ: ಬಿಸಿಲು ಬೇಡ, ಪುಟ ಸುರುಟಿ ಬಣ್ಣ ಹಾರುತ್ತದೆ. ನಿಮಗಿರುವುದು 48 ತಾಸು, ಅಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ. ಫ್ಯಾನಿನ ಕೆಳಗೆ, ಎಂಟು ಹತ್ತು ಪುಟಗಳಿಗೊಂದು ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಹಾಳೆ ಇಟ್ಟು, ತಾಸಿಗೊಮ್ಮೆ ಬದಲಿಸಿ. ನುಣುಪು ಕಾಗದದ ಪುಟಗಳು ಒಣಗುತ್ತ ಒಂದಕ್ಕೊಂದು ಅಂಟಿದರೆ ಬಿಡಿಸಲಾಗದು, ಅವನ್ನೇ ಮೊದಲು ನೋಡಿ. ಒಂದೇ ದಿನ ನಲವತ್ತೂ ಆಗದು. ಉಳಿದವನ್ನು ಒಂದೊಂದಾಗಿ ಪಾಲಿಥೀನ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ, ಅಲ್ಲಿ ಕಾಲ ನಿಂತಿರುತ್ತದೆ. ದಿನಕ್ಕೆ ನಾಲ್ಕೈದು ತೆಗೆದು ಒಣಗಿಸಿ.

ಪ್ರಶ್ನೆ: ಸ್ಕ್ಯಾನ್ ಮಾಡಿಟ್ಟುಕೊಳ್ಳಲು ಎಷ್ಟು ಜಾಗ ಬೇಕು? (ಮಾನ್ವಿ)

ಉತ್ತರ: 17 × 24 ಸೆಂ.ಮೀ. ಪುಟ 400 ಡಿಪಿಐ (ಇಂಚಿಗೆ 400 ಚುಕ್ಕೆ) ಬಣ್ಣದಲ್ಲಿ, ಟಿಫ್ ಫೈಲಾದರೆ ಸುಮಾರು 30 ಎಂಬಿ. ಮುಖಪುಟ ಸೇರಿ 36 ಪುಟಕ್ಕೆ ಒಂದು ಜಿಬಿಗಿಂತ ತುಸು ಹೆಚ್ಚು. ಬೆನ್ನು ಬಿರುಸಾಗಿದ್ದರೆ ಸ್ಕ್ಯಾನರಿನ ಮುಚ್ಚಳ ಒತ್ತಬೇಡಿ, ಪುಸ್ತಕವನ್ನು ಅರ್ಧ ತೆರೆದು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ಎರಡು ಬೇರೆ ಡಿಸ್ಕಿನಲ್ಲಿ ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ. ಹಕ್ಕುಸ್ವಾಮ್ಯ ಮುಗಿಯದ ಪುಸ್ತಕಗಳ ಪ್ರತಿಯನ್ನು ಹಂಚಬೇಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಮಕ್ಕಳಿಗೆ ಓದಲು ಕೊಡಬಹುದೇ? (ಲಿಂಗಸುಗೂರು)

ಉತ್ತರ: ಖಂಡಿತ ಕೊಡಿ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಲಿ, ಎಣ್ಣೆ ತಿಂಡಿ ದೂರವಿರಲಿ. ಪುಸ್ತಕವನ್ನು ಕೈಯಲ್ಲಿ ಮಡಚಿ ಹಿಡಿಯದೆ ಮೇಜಿನ ಮೇಲಿಟ್ಟು, ಎರಡು ಬದಿಗೂ ಮಡಚಿದ ಟವೆಲಿನ ಆಸರೆ ಕೊಡಿ. ಪುಟವನ್ನು ಮೇಲಿನ ಮೂಲೆಯಿಂದ ತಿರುವುವುದನ್ನು ತೋರಿಸಿಕೊಡಿ, ಉಗುಳು ಹಚ್ಚಬಾರದು. ಬೆರಳು ತಾಗಿಸಿದರೇ ಮುರಿಯುವ ಪುಸ್ತಕಗಳ ಸ್ಕ್ಯಾನ್ ಪ್ರತಿಯನ್ನು ಪ್ರಿಂಟ್ ತೆಗೆದು ಕೊಡಿ. ಓದಿ ಮುಗಿದ ಮೇಲೆ ಕವರಿಗೆ ಬೆನ್ನಿನ ಕಡೆಯ ಕೆಳಮೂಲೆ ಮೊದಲು ಇಳಿಯುವಂತೆ ಹಾಕಲು ಹೇಳಿ, ಪುಟದ ಅಂಚಿನ ಕಡೆಯ ಮೂಲೆ ಮೊದಲು ಇಳಿದರೆ ಅದು ಮಡಚುತ್ತದೆ.